ಗೊತ್ತುವಳಿಯ ಹೊರಗೆ

ಅಲ್ಲಿ ಚರ್ಚಾಸ್ಪರ್ಧೆಗೆ ಇಳಿಯುವ ಇಡೀ ದೇಶದ ಕಾಲೇಜು ಮಕ್ಕಳು ವರ್ಷವಿಡೀ ಒಂದೇ ಒಂದು ಗೊತ್ತುವಳಿಯ ಮೇಲೆ ವಾದ ಮಾಡುತ್ತಾರೆ. ತೊಂಬತ್ತರ ದಶಕದ ಆ ಬೇಸಿಗೆಯಲ್ಲಿ ಅದನ್ನು ಬರೆಯಲು ಅಟ್ಲಾಂಟದ ಹೋಟೆಲೊಂದರಲ್ಲಿ ಸಮಿತಿ ಕೂತಿತ್ತು. ಕಾರ್ಮಿಕರ ಆರೋಗ್ಯಕ್ಕೆ ಸರ್ಕಾರ ಬಿಗಿ ಕಾನೂನು ತರಬೇಕು ಎಂಬಲ್ಲಿಯವರೆಗೆ ಎಲ್ಲರೂ ಒಪ್ಪಿದರು. ಯಾವ ಕಾರ್ಮಿಕರು ಎನ್ನುವಾಗ ಕಚ್ಚಾಟ ಶುರುವಾಯಿತು.

ಸಮಿತಿಯಲ್ಲಿದ್ದ ಕಾತ್ಯಾಯಿನಿ ಸೌತ್ ಕ್ಯಾರೊಲಿನಾದ ಪುಟ್ಟ ಕಾಲೇಜಿನ ಚರ್ಚಾ ತಂಡಕ್ಕೆ ಕೋಚ್. ತಂಡವೆಂದರೆ ನಾಲ್ಕೇ ಮಕ್ಕಳು. ‘ಎಲ್ಲ ಕಾರ್ಮಿಕರು’ ಎಂದು ಬರೆದುಬಿಟ್ಟರೆ ಎದುರಾಳಿ ಯಾವ ಕಸುಬನ್ನು ಬೇಕಾದರೂ ಎತ್ತಿಕೊಂಡು ಬರಬಹುದು. ದೊಡ್ಡ ಯೂನಿವರ್ಸಿಟಿಗಳಿಗೆ ಲೈಬ್ರರಿ ಜಾಲಾಡಲು ದಂಡೇ ಇದೆ. ಇವಳ ಮಕ್ಕಳು ವರ್ಷಪೂರ್ತಿ ಮಣ್ಣು ಮುಕ್ಕಬೇಕು, ಕಾಲೇಜು ತಂಡವನ್ನೇ ಮುಚ್ಚುತ್ತದೆ. ಅದಕ್ಕೇ ಉದ್ಯಮಗಳನ್ನು ಹೆಸರಿಸಿ ಬೇಲಿ ಹಾಕಿ ಎಂದು ಹಟ ಹಿಡಿದಳು. ಗಣಿ, ಕೋಳಿ ಮಾಂಸದ ಕಾರ್ಖಾನೆ, ನೂಲಿಗೆ ಬಣ್ಣ ಹಾಕುವ ಗಿರಣಿ.

ಗಿರಣಿಯನ್ನು ಸೇರಿಸಿದ್ದು ತಂಡದ ಹುಡುಗಿ ರಚನಾಳಿಗಾಗಿ. ಅವಳ ಅಪ್ಪ ತ್ಯಾಗರಾಜ ಅಂಥದೇ ಗಿರಣಿಯಲ್ಲಿ ಕೆಮಿಸ್ಟ್ ಆಗಿ ದುಡಿದು ಶ್ವಾಸಕೋಶ ಕಳೆದುಕೊಂಡು, ಈಗ ಅಟ್ಲಾಂಟದ ಪಕ್ಕದ ಡುಲುತ್‌ನ ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ. ಸಿಗರೇಟಿನಿಂದ ಆದದ್ದು ಎಂದು ಕಂಪನಿ ಕೈತೊಳೆದುಕೊಂಡಿತ್ತು. ಆ ಮನುಷ್ಯ ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ!

“ಆಂಟಿ, ಅಪ್ಪಂಗೆ ಏನಾಯ್ತು ಅಂತ ಒನ್ಸ್ ಎಲ್ಲರ ಮುಂದೆ ಹೇಳ್ಬೇಕು. ಜಡ್ಜ್ ಕೇಳ್ಬೇಕು,” ಎಂದಿದ್ದಳು ರಚನಾ.

“ಗಿರಣಿ ಸೇರಿಸ್ತೀನಿ ಕಣೇ,” ಎಂದು ಕಾತ್ಯಾಯಿನಿ ಮಾತು ಕೊಟ್ಟಿದ್ದಳು.

ಆದರೆ ಎರಡೂ ಕಡೆಯವರಿಗೆ ಓದಲು ಸಾಕಷ್ಟು ಬರಹ ಸಿಗದ ವಿಷಯವನ್ನು ಹೆಸರಿಸುವಂತಿಲ್ಲ ಎಂಬುದು ಸಮಿತಿಯ ಪದ್ಧತಿ. ಗಣಿಯ ಬಗ್ಗೆ ಕಪಾಟುಗಟ್ಟಲೆ ಇತ್ತು. ಗಿರಣಿಯವರ ಕೆಮ್ಮಿನ ಬಗ್ಗೆ ಬರೆಯುವ ಗೋಜಿಗೆ ಯಾರೂ ಹೋಗಿರಲಿಲ್ಲ. ಯಾರೂ ಬರೆಯದವನ ಸಂಕಟಕ್ಕೆ ವಾದದಲ್ಲೂ ಜಾಗವಿಲ್ಲ, ಎಂಥ ನ್ಯಾಯ ನೋಡಿ. ಗಿರಣಿ ಬಿಟ್ಟರೆ ಬೇಲಿಗೆ ನನ್ನ ವೋಟು, ಇಲ್ಲವಾದರೆ ‘ಎಲ್ಲ ಕಾರ್ಮಿಕರು’ ಎಂದೇ ಇರಲಿ ಎಂದ ಅಧ್ಯಕ್ಷ, ಬಹಳ ವಿನಯದಿಂದ.

ಹಾಗೇ ಇರಲಿ ಎಂದಿದ್ದರೆ ರಚನಾ ಅಪ್ಪನ ಪರವಾಗಿ ಮಾತಾಡಬಹುದಿತ್ತು. ತಂಡ ಮಾತ್ರ ಉಳಿಯುತ್ತಿರಲಿಲ್ಲ. ಕಾತ್ಯಾಯಿನಿ ಗಿರಣಿಯಿಲ್ಲದ ಬೇಲಿಗೆ ಕೈ ಎತ್ತಿದಳು. ಫೋನಿನಲ್ಲಿ ವಿಷಯ ತಿಳಿಸಿದಾಗ ರಚನಾ “ಓಕೆ ಆಂಟಿ” ಎಂದಳು, ಅಷ್ಟೇ. ಬೈದಿದ್ದರೂ ಚೆನ್ನಾಗಿರುತ್ತಿತ್ತು ಅನ್ನಿಸಿತು ಕಾತ್ಯಾಯಿನಿಗೆ.

ನವೆಂಬರಿನಲ್ಲಿ ಟೂರ್ನಮೆಂಟು. ಪ್ರತಿ ತಂಡವೂ ಒಂದು ಸುತ್ತಿನಲ್ಲಿ ಪರ, ಇನ್ನೊಂದರಲ್ಲಿ ವಿರೋಧ ಮಾತಾಡಬೇಕು. ಆ ಸುತ್ತಿನಲ್ಲಿ ರಚನಾಳದು ವಿರೋಧದ ಪಾಳಿ. ಎದುರಿಗೆ ದೊಡ್ಡ ಯೂನಿವರ್ಸಿಟಿಯ ಹುಡುಗನೊಬ್ಬ ಎದ್ದು ನಿಂತ. ಗೊತ್ತುವಳಿಯಲ್ಲಿ ಇಲ್ಲದಿದ್ದರೂ ನಡೆದರೆ ನಡೆಯಲಿ ಎಂದು ಅವನು ತಂದದ್ದು ಬಣ್ಣದ ಗಿರಣಿಯನ್ನೇ. ಎಲ್ಲಿಂದಲೋ ಹುಡುಕಿ ತೆಗೆದ, ಗಿರಣಿ ಕೆಲಸಗಾರನೊಬ್ಬನ ವಿಧವೆಯ ಹೇಳಿಕೆಯನ್ನು ಗಡಗಡ ಓದಿ ಕೂತ.

ರಚನಾ ಹಿಂದೆ ತಿರುಗಿ ಕಾತ್ಯಾಯಿನಿಯನ್ನು ನೋಡಿದಳು. ಕಾತ್ಯಾಯಿನಿ ತಲೆ ತಗ್ಗಿಸಿದಳು. ರಚನಾ ಎದ್ದಳು. ಗಿರಣಿ ಗೊತ್ತುವಳಿಯಲ್ಲಿಲ್ಲ, ಆ ಜನರ ಮಾತನ್ನು ಇಲ್ಲಿ ಕೇಳುವಂತೆಯೇ ಇಲ್ಲ ಎಂದು ಒಂದಿಷ್ಟೂ ತಡವರಿಸದೆ ವಾದಿಸಿದಳು. ಕಾತ್ಯಾಯಿನಿಯೇ ಕಲಿಸಿದ್ದ ವಾದ. ಜಡ್ಜ್ ತಕ್ಷಣ ಒಪ್ಪಿ ಅವಳ ತಂಡವನ್ನು ಗೆಲ್ಲಿಸಿದ.

ಗೆದ್ದ ಸುದ್ದಿ ತಿಳಿಸಲು ರಚನಾ ಕಾರಿಡಾರಿನ ಪೇಫೋನಿನಿಂದ ಮನೆಗೆ ಫೋನ್ ಮಾಡಿದಳು. ಅಪ್ಪನ ಏದುಸಿರು ಪಕ್ಕದಲ್ಲಿ ನಿಂತ ಕಾತ್ಯಾಯಿನಿಗೂ ಕೇಳುತ್ತಿತ್ತು.

“ಬಂತು ಅಪ್ಪಾ, ಗಿರಣಿ ಬಂತು... ಹೂಂ, ಜಡ್ಜ್ ಕೇಳಿದ್ರು...” ಎನ್ನುತ್ತಿದ್ದವಳು ರಿಸೀವರಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಫೋನನ್ನು ಕಾತ್ಯಾಯಿನಿಯ ಕೈಗೆ ಕೊಟ್ಟಳು.

“ನಾನು ಯಾವ ಸೈಡ್ ಮಾತಾಡಿದೆ ಅಂತ ಕೇಳ್ತಿದಾರೆ. ನೀವೇ ಹೇಳಿ, ಆಂಟಿ.”