ಎಡಗಡೆಯ ದಪ್ಪ ಗೋಡೆ

ನಾನು ಒಂದು ಹೃದಯ. ಮಿಡಿಯುವುದಲ್ಲ, ಪ್ಲಾಸ್ಟರಿನದು. ಅಚ್ಚಿಗೆ ಸುರಿದು, ಒಣಗಿಸಿ, ಮುಂಭಾಗ ಮುಚ್ಚಳದಂತೆ ತೆರೆಯುವ ಹಾಗೆ ಮಾಡಿದರು. ಒಳಗೆ ನಾಲ್ಕು ಕೋಣೆ: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಬಲಗಡೆಗೆ ನೀಲಿ, ಎಡಗಡೆಗೆ ಕೆಂಪು ಬಳಿದರು. ಬಲ ಹೃತ್ಕುಕ್ಷಿ ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಎಡದ್ದು ಕಾಲಿನ ಉಗುರಿನವರೆಗೂ ತಳ್ಳಬೇಕು. ಅದಕ್ಕೇ ಅದರ ಗೋಡೆ ದಪ್ಪ.

ಗದಗ ಸೀಮೆಯ ಒಂದು ಪಿಯು ಕಾಲೇಜಿಗೆ ಬಂದೆ. ಅಲ್ಲಿನ ಜೀವಶಾಸ್ತ್ರದ ಮೇಟಿ ಸರ್‌ಗೆ ಗೋಡೆಯ ಗೊಡವೆಯೇ ಇರಲಿಲ್ಲ. "ನೀಲಿ ಅಂದ್ರ ಬಲ, ಕೆಂಪು ಅಂದ್ರ ಎಡ. ಬರ್ಕೊಳ್ರಿ." ವರ್ಷಗಟ್ಟಲೆ ಇಷ್ಟೇ ಪಾಠ. ಉಳಿದದ್ದು ಅವರ ಮನೆಯ ಟ್ಯೂಷನ್‌ನಲ್ಲಿ.

ಒಮ್ಮೆ ತಪಾಸಣೆ ಬಂತು. ಮಾಸಿದ್ದ ನನ್ನನ್ನು ಕಿಟಕಿಗೆ ಬಣ್ಣ ಹಚ್ಚುತ್ತಿದ್ದವನ ಕೈಗೆ ಕೊಟ್ಟರು. ಹೃದಯ ಕೆಂಪಲ್ಲದೆ ಇನ್ನೇನು ಎಂದು ಅವನು ಒಳಗೂ ಹೊರಗೂ ಕೆಂಪನ್ನೇ ಮೆತ್ತಿದ. "ಚಲೋ ಆತು ಬಿಡು," ಅಂದರು ಸರ್.

ಫಕೀರವ್ವ ಟ್ಯೂಷನ್‌ಗೆ ಹೋಗದ ಹುಡುಗಿ. ಅವಳನ್ನು ಕಂಡರೆ ಸರ್‌ಗೆ ಆಗುತ್ತಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದರೆ ಅವಳ ನರ್ಸಿಂಗ್ ಸೀಟು ಹೋದಂತೆ. ಇನ್ನೊಂದು ವರ್ಷ ಓದಿಸುವ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಪರೀಕ್ಷೆಯ ದಿನ ಸರ್ ಪಕ್ಕದಲ್ಲಿ ಬೇರೆ ಕಾಲೇಜಿನ ಪರೀಕ್ಷಕಿ ಕೂತಿದ್ದರು.

"ಎಡ ಹೃತ್ಕುಕ್ಷಿ ತೋರ್ಸು," ಅಂದರು ಸರ್.

ಅವಳು ನನ್ನನ್ನು ಎತ್ತಿಕೊಂಡು, ಮುಚ್ಚಳ ತೆಗೆದು, ಎರಡೂ ಗೋಡೆಗಳನ್ನು ಬೆರಳಲ್ಲಿ ಹಿಡಿದು ನೋಡಿ, ತನ್ನ ಬಲಗಡೆಗಿದ್ದ ಕೋಣೆಯನ್ನು ತೋರಿಸಿದಳು.

"ನೀ ಉಣ್ಣೂದು ಎಡಗೈಲೇನವಾ?"

"ಅಲ್ರಿ ಸರ. ಹೃದಯ ನನಗ ಎದುರಿಗೈತಿ, ಅದರ ಎಡ ನನ್ನ ಬಲಕ್ಕ ಬರತೈತಿ. ಗೋಡಿನೂ ಇದರದ ದಪ್ಪ ಐತ್ರಿ."

"ನನಗ ಕಲಸಾಕ ಬಂದಿಯೇನು? ಕೊಡಿಲ್ಲೆ!" ಸರ್ ಕಸಿದುಕೊಂಡರು. ಅವರ ಬೆವರಿದ ಕೈಯಿಂದ ಜಾರಿ ನೆಲಕ್ಕೆ ಬಿದ್ದೆ. ಚೂರಾದೆ.

"ನೋಡ್ರಿ ಮೇಡಂ, ಒಡದ್ಲು. ಸೊನ್ನಿ ಹಾಕ್ರಿ."

ಪರೀಕ್ಷಕಿ ಬಗ್ಗಿ ನನ್ನ ಎರಡು ಚೂರು ಆರಿಸಿದರು. ಒಂದು ಹಪ್ಪಳದಷ್ಟು ತೆಳು, ಇನ್ನೊಂದು ಹೆಂಚಿನಷ್ಟು ದಪ್ಪ. ಅವನ್ನು ಫಕೀರವ್ವನಿಗಲ್ಲ, ಸರ್ ಮುಂದೆ ಹಿಡಿದರು.

"ಎಡದ್ದು ಯಾವುದ್ರಿ? ನೀವ ಹೇಳ್ರಿ."

ಎರಡೂ ಕೆಂಪಗಿದ್ದವು. ಸರ್ ಚೂರುಗಳನ್ನು ಹೊರಳಿಸಿ ಹೊರಳಿಸಿ ನೀಲಿ ಹುಡುಕಿದರು.

"ನೀ ಹೋಗವಾ. ಪಾಸಾದಿ," ಅಂದರು ಪರೀಕ್ಷಕಿ, ಫಕೀರವ್ವನ ಕಡೆ ತಿರುಗಿ.

ಈಗ ನಾನು ಪ್ರಯೋಗಾಲಯದ ಹಿಂದೆ, ಒಡೆದ ಗಾಜಿನ ರಾಶಿಯಲ್ಲಿದ್ದೇನೆ. ನನ್ನ ಜಾಗಕ್ಕೆ ಪ್ಲಾಸ್ಟಿಕ್ ಹೃದಯ ಬಂದಿದೆ. ಅರ್ಧ ನೀಲಿ, ಅರ್ಧ ಕೆಂಪು. ತೆರೆಯಲು ಬರುವುದಿಲ್ಲ. ಒಳಗೆ ಕೋಣೆಗಳೇ ಇಲ್ಲ. ಮೇಟಿ ಸರ್ ತಾವೇ ಆರಿಸಿ ತಂದದ್ದು.