ಬಿಳಿ ಶರ್ಟಿನ ಕರಿ ಗುಂಡಿ

ವೈದ್ಯರು ಅಕ್ಕನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಊದಿದ ಕಾಲಲ್ಲಿ ಕುಳಿ ಬಿತ್ತು. ಹಾಗೇ ಉಳಿಯಿತು.

"ಮೂತ್ರದಲ್ಲಿ ಪ್ರೋಟೀನು ಇನ್ನೂ ಹೋಗ್ತಿದೆ. ಇನ್ನು ಕಾಯೋ ಹಾಗಿಲ್ಲ. ದಿನಾ ಕ್ಯಾಪ್ಸೂಲು, ಇಲ್ಲಾ ತಿಂಗಳಿಗೊಮ್ಮೆ ಡ್ರಿಪ್ಪು. ಸಂಜೆಯೊಳಗೆ ತಿಳಿಸಿ."

"ನೀವೇ ಹೇಳಿಬಿಡಿ ಡಾಕ್ಟ್ರೇ," ಎಂದ ತಮ್ಮ, ಗುಂಡಿ ಕಿತ್ತುಹೋದ ಶರ್ಟಿಗೆ ಫೈಲು ಅಡ್ಡ ಹಿಡಿದು.

ವೈದ್ಯರು ನಕ್ಕರು. "ನನ್ನನ್ನ ಕೇಳ್ತೀರಲ್ಲ! ಎರಡನ್ನೂ ಹೋಲಿಸಿ ಬರೆದವರು ನೀವು. ನಾವು ಅದನ್ನ ಓದ್ಕೊಂಡು ಹೇಳೋರು."

ಬರೆದದ್ದು ನಿಜ. ಔಷಧಗಳ ಪ್ರಯೋಗಗಳನ್ನು ಹೋಲಿಸಿ ನೋಡುವುದೇ ಅವನ ಕೆಲಸ. ದೇಹವೇ ತನ್ನ ಮೂತ್ರಪಿಂಡದ ಮೇಲೆ ತಿರುಗಿಬೀಳುವ ಈ ರೋಗಕ್ಕೆ, ಆ ಆವೇಶವನ್ನು ತಗ್ಗಿಸುವ ಔಷಧಗಳಲ್ಲಿ ಯಾವುದು ಮೇಲು ಎಂದು ಎಷ್ಟೋ ಆಸ್ಪತ್ರೆಗಳ ಅಂಕಿಅಂಶ ಕೂಡಿಸಿ ಕಳೆದು, ಕೊನೆಗೆ ಒಂದು ವಾಕ್ಯ ಬರೆದಿದ್ದ: ಖಚಿತವಾಗಿ ಹೇಳುವಷ್ಟು ಆಧಾರವಿಲ್ಲ. ಅದರ ಪ್ರಾಮಾಣಿಕತೆಯನ್ನು ಜೊತೆಯವರೆಲ್ಲ ಮೆಚ್ಚಿದ್ದರು. ಅವನಿಗೂ ಹೆಮ್ಮೆಯಿತ್ತು.

ಮನೆಗೆ ಬಂದವಳೇ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಳು. ಅಮ್ಮ ಹೋದ ಮೇಲೆ ಬಟ್ಟೆ ಹೊಲಿದೇ ಅವನನ್ನು ಓದಿಸಿದವಳು. ಬಿಚ್ಚಿಟ್ಟ ಚಪ್ಪಲಿಯ ಪಟ್ಟಿಯ ಗುರುತು ಅವಳ ಪಾದದಲ್ಲಿ ಆಳವಾಗಿ ಉಳಿದಿತ್ತು.

"ಹೇಳೋ, ಯಾವುದು?"

"ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಕಾ."

"ಒಂದೇ ಆಗಿದ್ರೆ ಎರಡು ಯಾಕೆ ಮಾಡ್ತಿದ್ರು?"

"ಕ್ಯಾಪ್ಸೂಲಲ್ಲಿ ಕೆಲವರಿಗೆ ಕೈ ನಡುಗುತ್ತೆ. ಡ್ರಿಪ್ಪಲ್ಲಿ ಕೂದಲು ಉದುರಬಹುದು, ಸೋಂಕು ಬೇಗ ತಗಲಬಹುದು."

"ಕೆಲವರು ಅಂದ್ರೆ? ನಾನಾ, ಪಕ್ಕದ್ಮನೆಯವಳಾ?"

ಅವನಿಗೆ ನೂರರಲ್ಲಿ ಎಷ್ಟು ಮಂದಿ ಎಂಬುದು ಗೊತ್ತಿತ್ತು. ಯಾರು ಎಂಬುದು ಗೊತ್ತಿರಲಿಲ್ಲ.

"ನೀನು ಯಾವ್ದು ಅಂದ್ರೆ ಅದು ನಂಗೆ. ಬೇಗ ಹೇಳು, ಯೂನಿಫಾರ್ಮು ನಾಳೆ ಕೊಡ್ಬೇಕು," ಎಂದು ಅವಳು ನೀರು ಕುಡಿಯಲು ಒಳಗೆ ಹೋದಳು.

ಪ್ರಯೋಗಗಳಲ್ಲಿ ಯಾರಿಗೆ ಯಾವ ಔಷಧ ಎಂದು ವೈದ್ಯರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರು ಹಂಚುತ್ತದೆ. ಪಕ್ಷಪಾತ ಸುಳಿಯಬಾರದು. ಅವನು ಅಕ್ಕನ ಗುಂಡಿಗಳ ಡಬ್ಬಿಯಿಂದ ಒಂದೇ ಅಳತೆಯ ಎರಡನ್ನು ಹೆಕ್ಕಿದ. ಕೈಯಲ್ಲಿ ಕರಿದು ಉಳಿದರೆ ಕ್ಯಾಪ್ಸೂಲು, ಬಿಳಿದು ಉಳಿದರೆ ಡ್ರಿಪ್ಪು. ಕಣ್ಣು ಮುಚ್ಚಿ, ಅಂಗೈಯಲ್ಲಿ ಕುಲುಕಿ, ಒಂದನ್ನು ಡಬ್ಬಿಗೆ ಬೀಳಿಸಿದ. ಕೈಯಲ್ಲಿ ಉಳಿದದ್ದು ಕರಿದು.

"ಮುಷ್ಟೀಲಿ ಏನೋ ಅದು?"

ಅಕ್ಕ ಬಾಗಿಲಲ್ಲಿದ್ದಳು.

"ಗುಂಡಿ. ಶರ್ಟಿಂದು ಕಿತ್ತುಹೋಗಿತ್ತು."

"ಬಿಳಿ ಶರ್ಟಿಗೆ ಕರಿದಾ? ಇಷ್ಟು ಓದಿ ಏನು ಬಂತು! ತಾಳು, ಬಿಳಿದು ಹುಡುಕ್ತೀನಿ."

"ಬೇಡ!" ಅವನ ಧ್ವನಿ ಏರಿತ್ತು. "ಇದೇ ಇರಲಿ. ಅಕ್ಕಾ, ಕ್ಯಾಪ್ಸೂಲೇ ತಗೋ. ಅದೇ ಒಳ್ಳೇದು."

ಅವಳ ಊದಿದ ಮುಖ ಹಗುರಾಯಿತು. "ನೋಡು, ಗೊತ್ತಿದ್ದೂ ಸತಾಯಿಸ್ತಿದ್ದೆ. ಹಾಗೇ ಹೇಳ್ಬಿಡು ಡಾಕ್ಟ್ರಿಗೆ. ಕೈ ನಡುಗಲ್ಲ ತಾನೇ?"

"ಎಲ್ಲರಿಗೂ ಹಾಗಾಗಲ್ಲ."

ಅಕ್ಕ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. ಶರ್ಟು ಮೈಮೇಲಿದ್ದಂತೆಯೇ ಹೊಲಿದಳು. ಸೂಜಿ ಎದೆಯ ಹತ್ತಿರ ಬಂದು ಬಂದು ಹೋಗುತ್ತಿತ್ತು. ಅವನು ಉಸಿರು ಬಿಗಿಹಿಡಿದು ನಿಂತಿದ್ದ. ದಾರವನ್ನು ಹಲ್ಲಿನಿಂದ ಕಡಿದು, "ಹಾಕ್ಕೋ" ಎಂದಳು.

ಹಾಕಿಕೊಳ್ಳಲು ಹೋದ. ಬೆರಳುಗಳು ನಡುಗುತ್ತಿದ್ದವು. ಗುಂಡಿ ಕಾಜಾದೊಳಗೆ ಹೋಗಲಿಲ್ಲ.

"ಅಲ್ಲಾಡಬೇಡ," ಎಂದಳು ಅಕ್ಕ, ಶಾಲೆಗೆ ಕಳಿಸುವಾಗ ಹೇಳುತ್ತಿದ್ದ ಹಾಗೆ. ಒಂದಿಷ್ಟೂ ಅಲುಗದ ಕೈಯಿಂದ ತಾನೇ ಗುಂಡಿ ಹಾಕಿದಳು.