ಉಪ್ಪುನೀರಿನ ಚೀಟಿ

ನಾನು ಹೆದರುಪುಕ್ಕಲಿ, ಒಪ್ಪಿಕೊಳ್ಳುತ್ತೇನೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ಎರಡೆರಡು ಸಲ ವಾಪಸು ಓಡಿದವಳು. ನನ್ನ ಗಂಡ ಅರುಮುಗಂ ಅದಕ್ಕೇ "ಕೋಗಿಲಂ, ಚಿಂತೆ ಇಲ್ಲದಿದ್ರೆ ಅದೂ ನಿನಗೊಂದು ಚಿಂತೆ" ಎಂದು ಗೇಲಿ ಮಾಡುತ್ತಿದ್ದರು. ಅವರಿಗೆ ಚಿಂತೆ ಎಂದರೆ ಒಂದೇ. ಇಸಿಪಿಂಗೋ ಕಡಲತೀರದ ಬಂಡೆಗಳಿಂದ ಶ್ಯಾಡ್ ಮೀನು ಹಿಡಿದು ಮನೆಗೆ ಬರುವಾಗ ಬಕೆಟ್ಟಿನಲ್ಲಿ ನಾಲ್ಕು ಇರಬೇಕು. ದಿನಕ್ಕೆ ಒಬ್ಬರಿಗೆ ನಾಲ್ಕೇ ಎಂದು ಕಾನೂನು. ಕಡಿಮೆ ಬಿದ್ದ ದಿನ ಗೇಟಿನಲ್ಲೇ ನಿಂತು, ತಪ್ಪು ಮಾಡಿದವರ ಹಾಗೆ, "ನಾಲ್ಕಕ್ಕೆ ಪರ್ಮಿಟ್ ಇತ್ತು ಕಣೇ, ಒಂದೇ ಸಿಕ್ತು" ಎನ್ನುತ್ತಿದ್ದರು.

ಜೂನ್ ಒಂದನೇ ತಾರೀಕು, ಚಹಾ ಲೋಟ ಕೈಯಲ್ಲಿರುವಾಗಲೇ ಹೋಗಿಬಿಟ್ಟರು. ಆಮೇಲೆ ಎಷ್ಟೋ ದಿನ ಸತ್ತರು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಫೋನ್ ಕಂಪನಿಯ ಹುಡುಗಿ ಅವರನ್ನು ಕೇಳಿಕೊಂಡು ಕರೆ ಮಾಡಿದಾಗ, ಮೀನಿಗೆ ಹೋಗಿದ್ದಾರೆ ಎಂದೆ. ಸಂಜೆ ಮಾಡಲೇ ಎಂದಳು. ಮಾಡಿ ಎಂದೆ.

ಹದಿನಾರನೆಯ ದಿನ ಸಂಜೆ ಎಲೆ ಹಾಕಬೇಕು. ಹೋದವರಿಗೆ ಇಷ್ಟವಾದದ್ದನ್ನು ಬಡಿಸಿ, ಫೋಟೋದ ಮುಂದಿಟ್ಟು, ಬಾಗಿಲು ಮುಚ್ಚಿ ಹೊರಗೆ ನಿಲ್ಲಬೇಕು. ಇವರಿಗೆ ಇಷ್ಟವಾದದ್ದು ಹುಣಸೆ ಹಿಂಡಿದ ಶ್ಯಾಡ್ ಸಾರು. ನಮ್ಮ ಮನೆಯ ಕಟ್ಟಳೆಯೋ ಇನ್ನೂ ಬಿಗಿ. ಎಲೆಯ ಮೇಲಿನ ಮೀನನ್ನು ಮನೆಯವರ ಕೈಯೇ ಹಿಡಿದಿರಬೇಕು. ಬೇರೆಯವರು ಕೊಟ್ಟದ್ದನ್ನು ಇಟ್ಟರೆ ಹೋದವರು ಹಸಿದೇ ಎದ್ದು ಹೋಗುತ್ತಾರೆ ಎಂದು ನಮ್ಮ ಮಾವನ ಕಾಲದಿಂದ ನಂಬಿಕೆ. ಆ ಮಾವನ ಎಲೆಗೆ ಇವರು ಜ್ವರದ ಮೈಯಲ್ಲೇ ಬಂಡೆ ಹತ್ತಿ ಮೀನು ತಂದಿದ್ದರು. ನನ್ನ ಗಂಡ ಹಸಿದು ಹೋಗಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ.

ಹಿಡಿಯಬೇಕಾದವನು ಮಗ ಕುಬೇನ್. ಮೂವತ್ತೊಂದರ ಗಂಡಸು, ಬಸ್ ಓಡಿಸುತ್ತಾನೆ. ಹೆಂಡತಿಗೆ ಮೀನಿನ ವಾಸನೆ ಆಗುವುದಿಲ್ಲವೆಂದು ಮದುವೆಯಾದಾಗಿನಿಂದ ಗಾಳ ಮುಟ್ಟಿರಲಿಲ್ಲ, ಪರ್ಮಿಟ್ಟೂ ಇರಲಿಲ್ಲ. ಅದಕ್ಕೇನು ಮಾಡುವುದು ಎಂದು ಹದಿಮೂರನೆಯ ದಿನ ಕೇಳಿದೆ. ಎಲ್ಲದಕ್ಕೂ ಉತ್ತರ ಇಟ್ಟುಕೊಂಡೇ ಹುಟ್ಟಿದ ನನ್ನ ಮೈದುನ ಮರಿಮುತ್ತು ನಕ್ಕುಬಿಟ್ಟ.

"ತಲೆ ಬೋಳಿಸ್ಕೊಂಡು ಕೊಳ್ಳಿ ಇಟ್ಟ ದಿನಾನೇ ಅವನು ಅಣ್ಣನ ಜಾಗಕ್ಕೆ ಬಂದ, ಅತ್ತಿಗೆ. ಕಾರಿನ ಕೀ ಅವನದು, ಗಾಳದ ಕೋಲು ಅವನದು. ಪರ್ಮಿಟ್ ಒಂದು ಮಾತ್ರ ಅಣ್ಣನ ಜೊತೆ ಸ್ವರ್ಗಕ್ಕೆ ಹೋಗತ್ತಾ? ಇನ್ನೂ ಎಂಟು ತಿಂಗಳು ಬಾಕಿ ಇದೆ ಅದರಲ್ಲಿ."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮಾರನೆಯ ದಿನ ಶನಿವಾರ. ಹದಿನಾರು ಮುಗಿಯುವವರೆಗೆ ಹೊಸ್ತಿಲು ದಾಟಬಾರದ ನಾನು, ಎಲ್ಲರೂ ಹಿತ್ತಲಲ್ಲಿ ದೊಡ್ಡ ಪಾತ್ರೆಗಳನ್ನು ತೊಳೆಯುತ್ತಿದ್ದಾಗ ಮುಂದಿನ ಗೇಟಿನಿಂದ ಕಳ್ಳಿಯ ಹಾಗೆ ನುಸುಳಿ, ಮೀನಿನ ಪರ್ಮಿಟ್ ಕೊಡುವ ಪೋಸ್ಟ್ ಆಫೀಸಿಗೆ ಹೋದೆ. ಗಾಜಿನ ಹಿಂದಿನ ಹೆಂಗಸು ಕೇಳಿದ ಪ್ರಶ್ನೆಗಳಿಗೆ ನನಗೆ ಕೈಕಾಲೇ ಆಡಲಿಲ್ಲ. ಸಮುದ್ರಕ್ಕೋ, ಅಣೆಕಟ್ಟಿಗೋ? ಇಲ್ಲಿ ಸಿಗುವುದು ಉಪ್ಪುನೀರಿನ ಚೀಟಿ. ಸಿಹಿನೀರಿನದು ಆಯಾ ಪ್ರಾಂತದವರದು, ಬೇರೆ ಕಡೆ ಕೇಳಬೇಕು. ಗಾಳ ಹಾಕುವುದಕ್ಕೋ, ಚಿಪ್ಪು ಕೀಳುವುದಕ್ಕೋ, ಬೀಸುಬಲೆಗೋ? ಒಂದೊಂದಕ್ಕೂ ಬೇರೆ ಬೇರೆ ದರ. ತಿಂಗಳಿಗೋ, ವರ್ಷಕ್ಕೋ? ಮೂವತ್ತು ಸೆಂಟಿಮೀಟರಿಗಿಂತ ಚಿಕ್ಕ ಶ್ಯಾಡ್ ಇಟ್ಟುಕೊಂಡರೆ ಅಪರಾಧ, ಐದನೆಯದು ಹಿಡಿದರೆ ಅಪರಾಧ, ಹಿಡಿದದ್ದನ್ನು ಮಾರಿದರೆ ಅಪರಾಧ, ಅಕ್ಟೋಬರ್ ನವೆಂಬರಿನಲ್ಲಿ ಹಿಡಿದರಂತೂ ದೊಡ್ಡ ಅಪರಾಧ. ಇಷ್ಟೆಲ್ಲ ಅಪರಾಧದ ನಡುವೆ ಬದುಕಿದ ಮನುಷ್ಯ ರಾತ್ರಿ ಹೇಗೆ ಗೊರಕೆ ಹೊಡೆಯುತ್ತಿದ್ದರೋ!

ಅಪ್ಪನ ಪರ್ಮಿಟ್ಟಿನಲ್ಲಿ ಮಗ ಮೀನು ಹಿಡಿಯಬಹುದೇ ಎಂದು ಮೆಲ್ಲಗೆ ಕೇಳಿದೆ.

"ಪರ್ಮಿಟ್ ಏನು ಹವಾಯಿ ಚಪ್ಪಲೀನಾ, ಮನೇಲಿರೋರೆಲ್ಲ ಹಾಕ್ಕೊಂಡು ಓಡಾಡೋಕೆ?" ಎಂದಳು. "ಐದು ನಿಮಿಷಕ್ಕೆ ಬಾಗಿಲು ಹಾಕ್ತೀವಿ. ಯಾರ ಹೆಸರಿಗೆ ಬೇಕು, ಅವರ ಗುರುತಿನ ಚೀಟಿ ಕೊಡಿ."

ಕುಬೇನನದು ನನ್ನ ಬಳಿ ಎಲ್ಲಿಂದ ಬರಬೇಕು? ಹಿಂದಿದ್ದವರು ಗೊಣಗತೊಡಗಿದರು. ಕೈಚೀಲದಲ್ಲಿ ಸಿಕ್ಕಿದ್ದನ್ನು ಗಾಜಿನ ಕೆಳಗೆ ತಳ್ಳಿಬಿಟ್ಟೆ. ಸಿಕ್ಕಿದ್ದು ನನ್ನದು. ನೂರು ರಾಂಡಿನ ನೋಟು ಮುರಿದು, ಕೋಗಿಲಂ ಅರುಮುಗಂ ಎಂಬ ಹೆಸರಿನ ಚೀಟಿ ಹಿಡಿದು ಹೊರಗೆ ಬಂದೆ. ಮೂವತ್ತೆಂಟು ವರ್ಷ ಮೀನು ತೊಳೆದಿದ್ದೇನೆ, ಒಂದು ದಿನ ಗಾಳ ಹಿಡಿದವಳಲ್ಲ. ನನ್ನ ಪೆದ್ದತನಕ್ಕೆ ನಾನೇ ಉಗಿದುಕೊಂಡೆ.

ರಾತ್ರಿ ಕುಬೇನನಿಗೆ, ಅಪ್ಪನ ಚೀಟಿ ನಡೆಯುವುದಿಲ್ಲವಂತೆ ಕಣೋ ಎಂದೆ. ಯಾರು ಹೇಳಿದರು ಎಂದ. ಮನೆ ಬಿಟ್ಟು ಹೋಗಿದ್ದೆ ಎಂದು ಹೇಗೆ ಹೇಳಲಿ? ಹೇಳಿದ್ದರೂ ಏನು? ಮಾರನೆಯ ದಿನ ಭಾನುವಾರ, ಸೋಮವಾರ ಜೂನ್ ಹದಿನಾರು, ಸರ್ಕಾರಿ ರಜೆ. ನಮ್ಮ ಹದಿನಾರನೆಯ ದಿನವೂ ಅದೇ. ಅಷ್ಟರೊಳಗೆ ಹೊಸ ಚೀಟಿ ಮಾಡಿಸಲು ಪೋಸ್ಟ್ ಆಫೀಸು ತೆರೆಯುವಂತಿರಲಿಲ್ಲ.

ಅಂದು ಬೆಳಿಗ್ಗೆ ಹೊಳೆ ಸಮುದ್ರ ಸೇರುವಲ್ಲಿ ಕರ್ಮ ಮುಗಿಸಿದೆವು. ಎಲ್ಲರೂ ಮನೆಗೆ ಹೊರಟರು, ಕುಬೇನ್ ಬಂಡೆಗಳ ಕಡೆ ಹೊರಟ. ನಾನೂ ಅವನ ಜೊತೆ ಹೋಗುತ್ತೇನೆ ಎಂದೆ. ಇದೆಲ್ಲಿಯ ಪದ್ಧತಿ ಎಂದು ಮರಿಮುತ್ತು ಮುಖ ಗಂಟಿಕ್ಕಿದ. ಸಮುದ್ರ ನೋಡಬೇಕು ಎಂದೆ. ಆ ದಿನ ನನ್ನ ಜೊತೆ ವಾದಿಸುವ ಧೈರ್ಯ ಅವನಿಗೂ ಬರಲಿಲ್ಲ.

ರಜೆಯಾದ್ದರಿಂದ ಬಂಡೆಗಳ ಮೇಲೆ ಜನವೋ ಜನ. ಬೂತಾಯಿ ಮೀನಿನ ತುಂಡು ಸಿಕ್ಕಿಸಿ ಕುಬೇನ್ ಗಾಳ ಎಸೆದ. ಒಂಬತ್ತು ಗಂಟೆಯೊಳಗೆ ಬಕೆಟ್ಟಿನಲ್ಲಿ ಮೂರು ಶ್ಯಾಡ್. ಅವನ ಮುಖ ಅರಳಿತು. ನನ್ನ ಎದೆಯಲ್ಲಿ ಮಾತ್ರ ಅವಲಕ್ಕಿ ಕುಟ್ಟುತ್ತಲೇ ಇತ್ತು. ಸಾಕು, ಎಲೆಗೆ ಒಂದೇ ಸಾಕು, ನಡಿ ಎಂದೆ. ಇನ್ನೊಂದು ಆಗಲಿ, ಅಪ್ಪನ ಲೆಕ್ಕ ನಾಲ್ಕು ಎಂದ. ಅಷ್ಟರಲ್ಲಿ ಆ ತುದಿಯಲ್ಲಿ ಖಾಕಿ ಜಾಕೆಟ್ಟಿನ ಹೆಂಗಸೊಬ್ಬಳು ಕಾಣಿಸಿದಳು. ಒಬ್ಬೊಬ್ಬರ ಬಕೆಟ್ಟಿಗೂ ಬಗ್ಗಿ, ಅಳತೆಪಟ್ಟಿ ಇಟ್ಟು, ಚೀಟಿ ಕೇಳುತ್ತ ಬರುತ್ತಿದ್ದಳು. ಮೀನಿನ ಇನ್ಸ್‌ಪೆಕ್ಟರ್.

"ಕೋಲು ಎತ್ತೋ, ಹೋಗೋಣ."

"ಈಗ ಓಡಿದ್ರೆ ಕಳ್ಳ ಅಂತಾರೆ. ಸುಮ್ನಿರಮ್ಮ," ಎಂದ ಕುಬೇನ್.

ಜಾಕೆಟ್ಟಿನ ಮೇಲೆ ಗುಮೆಡೆ ಎಂದು ಹೆಸರು. ನನ್ನ ವಯಸ್ಸಿನವಳೇ. ಮೀನು ಅಳೆದಳು, ಮೂರೂ ಸರಿ ಇದ್ದವು. ಚೀಟಿ ಕೇಳಿದಳು. ಕುಬೇನ್ ಅಪ್ಪನದನ್ನು ಕೊಟ್ಟ. ಹೆಸರು ಕೇಳಿದಳು. ಅರುಮುಗಂ ಎಂದ. ಗುಮೆಡೆ ಹುಟ್ಟಿದ ತಾರೀಕಿನಿಂದಲೇ ಶುರುವಾಗುವ ಗುರುತಿನ ಸಂಖ್ಯೆಯನ್ನು ಬೆರಳಿಟ್ಟು ಓದಿ, ಅವನ ಬೋಳು ತಲೆಯನ್ನೂ ಮುಖವನ್ನೂ ನೋಡಿದಳು.

"ಇದರ ಪ್ರಕಾರ ಅರವತ್ತಮೂರು ವರ್ಷ ನಿನಗೆ. ಮುಖಕ್ಕೆ ಯಾವ ಎಣ್ಣೆ ಹಚ್ಕೊಳ್ತೀಯಪ್ಪ? ನನಗೂ ಸ್ವಲ್ಪ ಹೇಳು."

ಸುತ್ತಲಿನವರು ನಕ್ಕರು. ಕುಬೇನ್ ಬೆವರಿದ. ನಾನೇ ಅರುಮುಗಂ ಎಂದು ಮತ್ತೆ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಿದನೆಂದಲ್ಲ. ಆ ಹೆಸರು ಹೇಳಿಕೊಂಡು ಇನ್ನೊಬ್ಬರು ನನ್ನ ಮುಂದೆ ನಿಲ್ಲುವುದನ್ನು ನನ್ನಿಂದ ನೋಡಲಾಗಲಿಲ್ಲ.

ಗುಮೆಡೆ ನನ್ನ ಕಡೆ ತಿರುಗಿದಳು. ಕುತ್ತಿಗೆಯಲ್ಲಿ ಇನ್ನೂ ಇದ್ದ ತಾಳಿ ನೋಡಿದಳು.

"ಈ ಅರುಮುಗಂ ನಿಮಗೆ ಏನಾಗ್ಬೇಕು, ಮಾ?"

"ನನ್ನ ಗಂಡ," ಎಂದೆ. "ಸತ್ತುಹೋದ್ರು. ಇವತ್ತಿಗೆ ಹದಿನಾರು ದಿನ."

ಹೇಳಿಬಿಟ್ಟಿದ್ದೆ. ಮೊದಲ ಸಲ, ಅಷ್ಟು ಜನರ ಮುಂದೆ. ಕುಬೇನ್ ಮುಖ ಮುಚ್ಚಿಕೊಂಡು ಬಂಡೆಯ ಮೇಲೆ ಕುಳಿತುಬಿಟ್ಟ. ಗುಮೆಡೆ ಟೋಪಿ ತೆಗೆದಳು. ಆಮೇಲೆ ಅವಳ ಕೆಲಸ ಅವಳು ಮಾಡಿದಳು. ಹೆಸರಿದ್ದವರ ಜೊತೆಗೇ ಪರ್ಮಿಟ್ಟೂ ಹೋಯಿತು ಎಂದು ಹೇಳಿ ಅದನ್ನು ತನ್ನ ಪುಸ್ತಕದೊಳಗೆ ಇಟ್ಟುಕೊಂಡಳು. ಕುಬೇನನಿಗೆ ದಂಡದ ಚೀಟಿ ಬರೆದಳು. ಕೋಲು ಬಿಡುತ್ತೇನೆ, ಮೀನು ಬಿಡಲಾಗುವುದಿಲ್ಲ ಎಂದು ಮೂರನ್ನೂ ಎತ್ತಿಕೊಂಡಳು. ಪಕ್ಕದ ಬಂಡೆಯ ಮುದುಕ ತನ್ನದೊಂದು ಮೀನು ಕೊಡಲು ಬಂದ. ಕೊಟ್ಟ ಮೀನು ಎಲೆಗೆ ಬರುವುದಿಲ್ಲ ಎಂದೆ. ಬರಿದಾದ ಬಕೆಟ್ಟು ನೋಡಿದೆ. ಸಂಜೆ ಬಾಗಿಲು ಮುಚ್ಚಿದ ಮೇಲೆ ನನ್ನ ಗಂಡ ಎಲೆಯ ಮುಂದೆ ಕುಳಿತು ಮೀನು ಹುಡುಕುತ್ತಾರೆ ಎನಿಸಿತು. ಕೈಚೀಲದ ಜಿಪ್ಪು ಎಳೆದೆ.

ಗುಮೆಡೆ ನನ್ನ ಚೀಟಿಯನ್ನು ಎರಡು ಸಲ ಓದಿದಳು.

"ಇದು ಸರಿಯಾಗಿದೆ. ನಿಮಗೆ ಬರತ್ತಾ, ಮಾ?"

"ಬರಲ್ಲ."

"ಕೋಲು ನಿಮ್ಮ ಕೈಯಲ್ಲೇ ಇರ್ಬೇಕು. ಮಗ ಮುಟ್ಟಿದ್ರೆ ಇನ್ನೊಂದು ದಂಡ ಬರೀತೀನಿ," ಎಂದು ಹೇಳಿ, ಹೋಗದೆ ಅಲ್ಲೇ ಕೈಕಟ್ಟಿ ನಿಂತಳು.

ಸೀರೆ ಎತ್ತಿ ಸಿಕ್ಕಿಸಿದೆ. ಮೊದಲ ಸಲ ಗಾಳ ನನ್ನ ಸೆರಗಿಗೇ ಸಿಕ್ಕಿತು. ಎರಡನೆಯ ಸಲ ಬಂಡೆಗೆ ಸಿಕ್ಕಿ ತಂಗೂಸಿ ದಾರ ಹರಿಯಿತು. ಯಾರೋ ಕಿಸಕ್ಕೆಂದರು. ಕುಬೇನ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೆರಳು ಸಡಿಲ ಬಿಡಮ್ಮ, ಈಗ ಅಲ್ಲ, ಈಗ ಎನ್ನುತ್ತ ಹೇಳಿಕೊಟ್ಟ. ಹತ್ತಾಯಿತು, ಹನ್ನೊಂದಾಯಿತು. ಒಂದು ಬಿತ್ತು. ಗುಮೆಡೆಯ ಪಟ್ಟಿಯಲ್ಲಿ ಇಪ್ಪತ್ತೊಂಬತ್ತು ಸೆಂಟಿಮೀಟರ್. ನಾನೇ ಅದನ್ನು ನೀರಿಗೆ ಬಿಟ್ಟೆ. ತೋಳು ಸೋತುಹೋಗಿತ್ತು, ಮನೆಯಲ್ಲಿ ಮಸಾಲೆ ಅರೆದು ಕಾಯುತ್ತಿದ್ದರು, ಅಲೆ ಹಿಂದಕ್ಕೆ ಸರಿಯುತ್ತಿತ್ತು. ಇನ್ನು ಆಗುವುದಿಲ್ಲ ಎಂದು ಕೋಲು ಇಳಿಸುವಷ್ಟರಲ್ಲಿ ದಾರ ಜಗ್ಗಿತು. ಮೀನು ಬಂಡೆಯ ಮೇಲೆ ಬಂದು ಬಡಿದುಕೊಳ್ಳುವವರೆಗೆ ನಾನು ಉಸಿರಾಡಿದೆನೋ ಇಲ್ಲವೋ ನೆನಪಿಲ್ಲ.

"ಮೂವತ್ನಾಲ್ಕು," ಎಂದಳು ಗುಮೆಡೆ. ಅದನ್ನು ಅವಳೇ ಬಕೆಟ್ಟಿಗೆ ಹಾಕಿ, ಮುಂದಿನ ಬಂಡೆಗೆ ಹೋದಳು.

ಸಂಜೆ ಎಲೆ ಹಾಕುವಾಗ ಮರಿಮುತ್ತು ಮೀನಿನ ತಟ್ಟೆಯನ್ನು ಕುಬೇನನ ಕೈಗೆ ಕೊಟ್ಟ. ಗಂಡುಮಗ ಇಡಬೇಕು, ಅದೇ ಪದ್ಧತಿ. ಕುಬೇನ್ ತಟ್ಟೆಯನ್ನು ನನ್ನ ಕಡೆ ತಿರುಗಿಸಿದ.

"ಅಮ್ಮ ಹಿಡಿದಿದ್ದು, ಚಿಕ್ಕಪ್ಪ. ಅಮ್ಮನೇ ಇಡಲಿ."

ಮರಿಮುತ್ತು ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ನಾನು ಫೋಟೋದ ಮುಂದೆ ಬಗ್ಗಿ ಎಲೆಯ ಮೇಲೆ ಮೀನು ಇಟ್ಟೆ. ಬೆರಳುಗಳು ದಾರ ಕೊಯ್ದು ಊದಿಕೊಂಡಿದ್ದವು.

"ನಾಲ್ಕಕ್ಕೆ ಪರ್ಮಿಟ್ ಇತ್ತು ರೀ," ಎಂದೆ. "ಒಂದೇ ಸಿಕ್ತು."

ಆಮೇಲೆ ಹೊರಗೆ ಬಂದು ಬಾಗಿಲು ಎಳೆದುಕೊಂಡೆ.